ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಪ್ರಶ್ನೆ: ಮೇ ತಿಂಗಳಲ್ಲಿ ಮನೆಯವರೆಲ್ಲ ಸೇರಿ ತುಮಕೂರಿನಿಂದ ಚಿಕ್ಕಮಗಳೂರಿನ ಬೆಟ್ಟಗಳಿಗೆ ನಮ್ಮ ಕಾರಲ್ಲೇ ಹೊರಟಿದ್ದೇವೆ. ಮಗನಿಗೆ 17, ಮಗಳಿಗೆ 14. ಯಜಮಾನರಿಗೆ ಘಾಟಿಯಲ್ಲಿ ಓಡಿಸಿ ಅಷ್ಟು ರೂಢಿ ಇಲ್ಲ. ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ, ಇಂಜಿನ್ನಿಗೂ ಆರಾಮ ಅಂತ ಎಲ್ಲರೂ ಹೇಳುತ್ತಾರೆ. ಹೌದಾ?

ಉತ್ತರ: ಇಲ್ಲ. ಉಳಿಯಲ್ಲ. ಹಾಕಬೇಡಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಮುಗಿದ ವಾರದಿಂದ ಈ ಪ್ರಶ್ನೆ ಶುರುವಾಗುತ್ತದೆ. ಮದುವೆ ಮನೆಯಲ್ಲಿ ಕೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಕೇಳುತ್ತಾರೆ. ಮೋಟಾರು ಮೆಕ್ಯಾನಿಕ್ ಪಾಠ ಮಾಡಿಕೊಂಡೇ ನನ್ನ ಕೂದಲು ಬೆಳ್ಳಗಾಯಿತು. ಆದರೂ ನನ್ನ ಉತ್ತರ ಕೇಳಿ ತಲೆಯಾಡಿಸಿದವರು ಮುಂದಿನ ವರ್ಷ ಮತ್ತೆ ಅದೇ ಕೇಳುತ್ತಾರೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮೊದಲು ನಮ್ಮ ಕಡೆಯವರ ಕಷ್ಟ ಏನು ಅಂತ ನೋಡೋಣ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು. ಇಷ್ಟು ದೂರ ತೆಂಗಿನ ತೋಟ, ಬಯಲು, ಮತ್ತೆ ತೆಂಗಿನ ತೋಟ. ಟಾಪ್ ಗೇರು ಹಾಕಿ ಕೂತರೆ ಊರು ಬಂದಾಗ ಮಾತ್ರ ಗೇರು ಬದಲಾಯಿಸುವುದು. ಗೇರಿಗೆ ಗಾಡಿಯನ್ನು ತಡೆಯುವ ಶಕ್ತಿಯೂ ಇದೆ ಅನ್ನುವುದು ಈ ರಸ್ತೆಯಲ್ಲಿ ಗೊತ್ತಾಗುವುದೇ ಇಲ್ಲ. ಚಿಕ್ಕಮಗಳೂರು ಪೇಟೆ ದಾಟಿ ಬೆಟ್ಟ ಹತ್ತಿ ಇಳಿಯುವಾಗಲೇ ಅದರ ಪರಿಚಯ. ಆ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ.

ಈಗ ಆ ನಂಬಿಕೆಯ ಮಾತು. ಅದು ಸುಮ್ನೆ ಹುಟ್ಟಿದ್ದಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಗಾಡಿಗಳಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇತ್ತು. ಕಾಲು ತೆಗೆದರೂ ಇಂಜಿನ್ ತಿರುಗುತ್ತಿರುವಷ್ಟು ಹೊತ್ತು ಅದು ಪೆಟ್ರೋಲ್ ಹೀರುತ್ತಿತ್ತು. ಗೇರಿನಲ್ಲಿ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತದೆ, ಜಾಸ್ತಿ ಹೀರುತ್ತದೆ. ನ್ಯೂಟ್ರಲ್ಲಿನಲ್ಲಿ ಕಡಿಮೆ. ಹಾಗಾಗಿ ಹಿಂದಿನವರು ಹೇಳಿದ್ದು ಅವರ ಗಾಡಿಯ ಮಟ್ಟಿಗೆ ಪೂರ್ತಿ ತಪ್ಪಲ್ಲ. ಆಗಲೂ ಅದು ಅಪಾಯವೇ ಆಗಿತ್ತು. ಆದರೆ ನಾಲ್ಕು ಹನಿ ಉಳಿಯುತ್ತಿದ್ದದ್ದು ನಿಜ.

ನಿಮ್ಮ ಗಾಡಿಯಲ್ಲಿ ಕಾರ್ಬುರೇಟರ್ ಇಲ್ಲ. 2000ನೇ ಇಸವಿಯ ಆಸುಪಾಸಿನಿಂದ ನಮ್ಮ ಕಾರುಗಳಿಗೆಲ್ಲ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂದಿದೆ. ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಒಂದು ಪುಟ್ಟ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಗಾಡಿ ಗೇರಿನಲ್ಲಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಇಂಜಿನ್ ಮಾತ್ರ ಚೆನ್ನಾಗಿ ತಿರುಗುತ್ತಿದೆ ಅಂದರೆ ಅದಕ್ಕೆ ಗೊತ್ತಾಗುತ್ತದೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿವೆ ಅಂತ. ಆಗ ಅದು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಕಡಿಮೆ ಮಾಡುವುದಲ್ಲ, ನಿಲ್ಲಿಸುತ್ತದೆ. ವೇಗ ತಗ್ಗಿ ಇಂಜಿನ್ ಆಫ್ ಆಗುವ ಹಂತಕ್ಕೆ ಹತ್ತಿರ ಬಂದಾಗ ಮತ್ತೆ ಬಿಡುತ್ತದೆ.

ನ್ಯೂಟ್ರಲ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಚಕ್ರಕ್ಕೂ ಇಂಜಿನ್ನಿಗೂ ಸಂಬಂಧ ಕಡಿದುಹೋಯಿತು. ಈಗ ಇಂಜಿನ್ ತನ್ನನ್ನು ತಾನೇ ಉಳಿಸಿಕೊಳ್ಳಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಉರಿಯುವ ಹಾಗೆ ಪೆಟ್ರೋಲ್ ಉರಿಯುತ್ತಲೇ ಇರಬೇಕು. ಸಾಧಾರಣ ಕಾರು ಐಡಲಿನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ತನಕ ಕುಡಿಯುತ್ತದೆ. 20 ಕಿಲೋಮೀಟರ್ ಇಳಿಜಾರು, ಮುಕ್ಕಾಲು ಗಂಟೆ ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್. ಉಳಿಸುತ್ತೇನೆ ಅಂತ ಹೊರಟವರು ಖರ್ಚು ಮಾಡಿಕೊಂಡು ಬರುತ್ತಾರೆ.

“ಸೆಕೆಂಡ್ ಗೇರಿನಲ್ಲಿ ಇಂಜಿನ್ ಕೂಗುತ್ತಲ್ಲಾ ಸಾರ್, ಕುಡೀದೆ ಕೂಗುತ್ತಾ?” ಎಲ್ಲರೂ ಎಡವುವುದು ಇಲ್ಲೇ. ಸದ್ದು ಬಂದರೆ ಪೆಟ್ರೋಲ್ ಹೋಗುತ್ತಿದೆ ಅಂದುಕೊಳ್ಳುತ್ತೇವೆ. ಬಾವಿಯ ರಾಟೆ ನೆನಪು ಮಾಡಿಕೊಳ್ಳಿ. ಬಿಂದಿಗೆ ಕೆಳಗಿಳಿಯುವಾಗಲೂ ರಾಟೆ ಕಿರ್ರೆನ್ನುತ್ತದೆ. ಆಗ ನೀವು ಎಳೆಯುತ್ತಿರುವುದಿಲ್ಲ, ಬಿಂದಿಗೆಯ ಭಾರವೇ ಅದನ್ನು ತಿರುಗಿಸುತ್ತಿರುತ್ತದೆ. ಹಗ್ಗವನ್ನು ಕೈಯಲ್ಲಿ ಹಿಡಿದು ಬಿಡುತ್ತಾ ಬಂದರೆ ಗೇರಿನಲ್ಲಿ ಇಳಿದ ಹಾಗೆ. ಹಗ್ಗವನ್ನೇ ಬಿಟ್ಟರೆ ನ್ಯೂಟ್ರಲ್.

ಗೇರು ಹೇಗೆ ಹಿಡಿಯುತ್ತದೆ ಅಂತ ನಿಮ್ಮ ಮಕ್ಕಳಿಗೆ ತೋರಿಸಬೇಕಾ? ಸೂಜಿ ಇಲ್ಲದ ಸಿರಿಂಜ್ ಕೊಡಿ. ಮೂತಿಗೆ ಬೆರಳು ಒತ್ತಿ ಹಿಂದಕ್ಕೆ ಎಳೆಯಲು ಹೇಳಿ. ಎಳೆಯಲು ಎಷ್ಟು ಕಷ್ಟ ಅಲ್ವಾ? ಪೆಟ್ರೋಲ್ ಇಂಜಿನ್ನಿನಲ್ಲಿ ಕಾಲು ತೆಗೆದಾಗ ಗಾಳಿ ಬರುವ ಬಾಗಿಲು ಬಹುತೇಕ ಮುಚ್ಚುತ್ತದೆ. ಪಿಸ್ಟನ್ನುಗಳು ಹಾಗೇ ಒದ್ದಾಡುತ್ತವೆ. ಆ ಒದ್ದಾಟವೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಇಂಜಿನ್ನಿಗೆ ಇದರಿಂದ ತೊಂದರೆ ಇಲ್ಲ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗದಂತೆ ನೋಡಿಕೊಂಡರೆ ಸಾಕು.

ಬಹಳ ಸಣ್ಣ ಇಳಿಜಾರಿನಲ್ಲಿ, ಗೇರಿನಲ್ಲಿದ್ದರೆ ಗಾಡಿ ನಿಂತೇ ಹೋಗುತ್ತದೆ ಅನ್ನುವಂಥ ಕಡೆ, ನ್ಯೂಟ್ರಲ್ಲಿನಿಂದ ಚೂರು ಉಳಿಯಬಹುದು ಅಂತ ಕೆಲವರು ವಾದ ಮಾಡುತ್ತಾರೆ. ಇರಬಹುದು. ಅದು ಘಾಟಿಯ ಮಾತಲ್ಲ.

ಪೆಟ್ರೋಲ್ ಲೆಕ್ಕ ಮುಗಿಯಿತು. ನನಗೆ ನಿಜವಾಗಿ ಭಯವಿರುವುದು ಬ್ರೇಕಿನದು.

ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕದಲ್ಲೇ ಎತ್ತರ. ಚಿಕ್ಕಮಗಳೂರು ಪೇಟೆ ಸುಮಾರು 1090 ಮೀಟರ್ ಎತ್ತರದಲ್ಲಿದೆ. ಕಾರು ತುದಿವರೆಗೆ ಹೋಗಲ್ಲ, ಕೊನೆಗೆ ಮೆಟ್ಟಿಲಿದೆ. ಆದ್ದರಿಂದ 700 ಮೀಟರ್ ಇಳಿಯುತ್ತೀರಿ ಅನ್ನೋಣ. ನಾಲ್ಕು ಜನ, ಲಗೇಜು ಸೇರಿ ಗಾಡಿ 1500 ಕೆಜಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುವ ಶಕ್ತಿ 30 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಲ್ಲದು. ಬಚ್ಚಲು ಮನೆಯ ಹಂಡೆ ಕಣ್ಣಮುಂದೆ ತಂದುಕೊಳ್ಳಿ. ಅದರಲ್ಲಿ ಒಂದಿಷ್ಟನ್ನು ಗಾಳಿ, ಟೈರು ತೆಗೆದುಕೊಳ್ಳುತ್ತವೆ. ಗೇರಿನಲ್ಲಿದ್ದರೆ ದೊಡ್ಡ ಪಾಲು ಇಂಜಿನ್ನಿಗೆ ಹೋಗುತ್ತದೆ. ನ್ಯೂಟ್ರಲ್ಲಿನಲ್ಲಿದ್ದರೆ ಆ ಪಾಲೂ ತಟ್ಟೆಯಷ್ಟಗಲದ ಬ್ರೇಕ್ ಡಿಸ್ಕುಗಳ ಮೇಲೆಯೇ ಬೀಳುತ್ತದೆ.

ಡಿಸ್ಕ್ ಕಾದರೆ ಅದನ್ನು ಒತ್ತಿ ಹಿಡಿಯುವ ಪ್ಯಾಡಿನ ಹಿಡಿತ ತಪ್ಪುತ್ತದೆ. ಕಾವು ಬ್ರೇಕ್ ಆಯಿಲಿಗೂ ಇಳಿಯುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ತನಕ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಗುಳ್ಳೆ. ಗುಳ್ಳೆ ಇದ್ದರೆ ಪೆಡಲ್ ಮೆತ್ತಗೆ ನೆಲದ ತನಕ ಹೋಗುತ್ತದೆ, ಗಾಡಿ ಮಾತ್ರ ನಿಲ್ಲಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ ಅಂತ ನಾವು ಬಡಿದುಕೊಳ್ಳುವುದು ಇದಕ್ಕೇ.

ನನ್ನ ತಂಗಿಯ ಮನೆಯವರಿಗೆ ಇದು ಆಗಿದೆ. ಬೆಟ್ಟದಿಂದ ವಾಪಸ್ ಬರುವಾಗ ರಬ್ಬರ್ ಸುಟ್ಟ ವಾಸನೆ ಬಂತಂತೆ. ಹೊರಗಿನದು ಅಂದುಕೊಂಡು ಗಾಜು ಏರಿಸಿದರು. ಎರಡು ತಿರುವು ಕಳೆಯುವಷ್ಟರಲ್ಲಿ ಪೆಡಲ್ ಕುಸಿಯಿತು. ಭಾವ ಹೇಗೋ ಸೆಕೆಂಡು, ಆಮೇಲೆ ಫಸ್ಟಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆಯುತ್ತಾ ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಅವತ್ತು ಫೋನಿನಲ್ಲಿ ತಂಗಿಯ ದನಿ ಕೇಳಿದವನು ನಾನು. ಅದಕ್ಕೇ ಈ ಪ್ರಶ್ನೆಗೆ ಚಿಕ್ಕ ಉತ್ತರ ಕೊಟ್ಟು ಸುಮ್ಮನಾಗಲು ನನಗೆ ಆಗುವುದಿಲ್ಲ.

ಇನ್ನು ಕೆಲವರು ಇಂಜಿನ್ನನ್ನೇ ಆಫ್ ಮಾಡುತ್ತಾರೆ. ದಯವಿಟ್ಟು ಬೇಡ. ಬ್ರೇಕ್ ಹಗುರವಾಗಿ ಬೀಳುವುದು ಇಂಜಿನ್ ಓಡುತ್ತಿರುವುದರಿಂದ. ಆಫ್ ಮಾಡಿದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತಾಗುತ್ತದೆ. ಸ್ಟೇರಿಂಗೂ ಬಿಗಿಯಾಗುತ್ತದೆ. ಕೀಲಿ ಪೂರ್ತಿ ತಿರುಗಿಸಿ ತೆಗೆದರೆ ಸ್ಟೇರಿಂಗ್ ಲಾಕೇ ಬೀಳಬಹುದು.

ಮಾಡಬೇಕಾದದ್ದು ಇಷ್ಟೇ. ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ತಿರುವು ಬರುವ ಮೊದಲೇ ಸೆಕೆಂಡಿಗೆ ಹಾಕಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಸರಿಯಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಿ. ಆಟೋಮ್ಯಾಟಿಕ್ ಗಾಡಿಯಾದರೆ ಡಿ ಬಿಟ್ಟು ಎಲ್‌ಗೋ ಮ್ಯಾನುಯಲ್ ಮೋಡಿಗೋ ಹಾಕಿ. ಎಲೆಕ್ಟ್ರಿಕ್ ಕಾರಿನವರು ಬೆಟ್ಟದ ಮೇಲೆ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಯಬೇಡಿ. ಬ್ಯಾಟರಿ ತುಂಬಿದ್ದರೆ ಮೋಟಾರಿನ ಹಿಡಿತ ಕಡಿಮೆಯಾಗುತ್ತದೆ. ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಬಿಡಿ. ಚಕ್ರಕ್ಕೆ ನೀರು ಹುಯ್ಯಬೇಡಿ, ಕಾದ ಡಿಸ್ಕ್ ಬಿರುಕು ಬಿಡಬಹುದು. ಟೈರಿಗೆ ಕಲ್ಲು ಕೊಟ್ಟರೆ ಹೊರಡುವಾಗ ಪಕ್ಕಕ್ಕೆ ಎತ್ತಿಡಿ, ಹಿಂದೆ ಬೈಕಿನವರು ಬರುತ್ತಿರುತ್ತಾರೆ. ಕಿರಿದಾದ ಜಾಗದಲ್ಲಿ ಹತ್ತುವ ಗಾಡಿಗೆ ದಾರಿ ಬಿಡಿ, ನಿಯಮವೂ ಅದೇ.

ಮಗಳು ವಾಂತಿ ಮಾಡಿಕೊಳ್ಳುತ್ತಾಳಾ? ನೀವು ಕೇಳಿಲ್ಲ, ಆದರೆ 14ರ ಮಕ್ಕಳು ಹಿಂದಿನ ಸೀಟಿನಲ್ಲಿ ಫೋನ್ ನೋಡುತ್ತಾ ಕೂರುತ್ತಾರೆ. ಕಿವಿಯೊಳಗಿನ ಅಂಗ ಗಾಡಿ ತಿರುಗುತ್ತಿದೆ ಅನ್ನುತ್ತದೆ, ಕಣ್ಣು ಎಲ್ಲ ನಿಂತಿದೆ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಘಾಟಿ ಮುಗಿಯುವ ತನಕ ಫೋನ್ ಒಳಗಿಡಿಸಿ. ಅವಳನ್ನು ಮುಂದೆ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ, ಎರಡು ಇಡ್ಲಿ ತಿನ್ನಲಿ. ಘಳಿಗೆಗೊಮ್ಮೆ ಬ್ರೇಕ್ ಜಗ್ಗಿದರೆ ವಾಂತಿ ಇನ್ನೂ ಜಾಸ್ತಿ. ಗೇರಿನಲ್ಲಿ ಸಮವಾಗಿ ಇಳಿದರೆ ಅವಳಿಗೂ ಒಳ್ಳೆಯದು.

ಇನ್ನು ಮಗ. ನೀವು 17 ಅಂತ ಬರೆದಾಗಲೇ ನನಗೆ ಅನುಮಾನ ಬಂತು. “ಎಸ್ಟೇಟ್ ಕಡೆ ರಸ್ತೆ ಖಾಲಿ ಇದೆಯಪ್ಪಾ, ಐದು ನಿಮಿಷ ಕೊಡು” ಅಂತ ಅವನು ಕೇಳಿಯೇ ಕೇಳುತ್ತಾನೆ. ಕೊಡಬೇಡಿ. ಕಾರಿಗೆ ಲೈಸೆನ್ಸ್ 18ಕ್ಕೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನ ಮಗ ಓಡಿಸಿ ಅಪರಾಧವಾದರೆ ಹೊಣೆ ಪೋಷಕರದು, ಗಾಡಿಯ ಮಾಲೀಕರದು. 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಸಿಗಲ್ಲ.

ಆದರೆ ಬೇಡ ಅಂದು ಅವನನ್ನು ಹಿಂದೆ ಕೂರಿಸಿಬಿಡಬೇಡಿ. ಕಲಿಯುವ ವಯಸ್ಸು ಇದೇ. ಟ್ರಿಪ್ಪಿಗೆ ಮೊದಲಿನ ಭಾನುವಾರ ಬೆಳಗ್ಗೆ ಆರಕ್ಕೆಲ್ಲ ದೇವರಾಯನದುರ್ಗಕ್ಕೆ ಹೋಗಿ. ರಸ್ತೆ ಖಾಲಿ ಇರುತ್ತದೆ, ಬಿಸಿಲಿರಲ್ಲ. ಯೋಗನರಸಿಂಹನ ದರ್ಶನ ಮಾಡಿ. ಇಳಿಯುವಾಗ ಅಪ್ಪ ಸ್ಟೇರಿಂಗ್ ಹಿಡಿಯಲಿ, ಮಗ ಪಕ್ಕದಲ್ಲಿ ಕೂರಲಿ. ಈಗಿನ ಬಹಳ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜು ತೋರಿಸುವ ಪರದೆ ಇರುತ್ತದೆ. ಅದನ್ನು ನೋಡುವ ಕೆಲಸ ಅವನದು. ಸೆಕೆಂಡ್ ಗೇರಿನಲ್ಲಿ ಅಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ ಹಾಗೆ ಗೆರೆ ಏರಿ ಕೊನೆ ಮುಟ್ಟುತ್ತದೆ. ನ್ಯೂಟ್ರಲ್ ಹಾಕಿ ಹೋಲಿಸಬೇಕಿಲ್ಲ. ಕೆಳಗೆ ಬಂದು ನಿಂತ ಮೇಲೆ ಇಂಜಿನ್ ಐಡಲಿನಲ್ಲಿ ಬಿಟ್ಟು ನೋಡಲಿ, ಮೈಲೇಜು ಸೊನ್ನೆ. ಯಾವ ತಿರುವಿಗೆ ಯಾವ ಗೇರು ಅಂತ ಅಪ್ಪ ಹಾಕುವ ಮೊದಲೇ ಅವನು ಹೇಳಲಿ. ನನ್ನ ವಿದ್ಯಾರ್ಥಿಗಳಿಗೆ ನಾನು ಕಲಿಸಿದ್ದು ಹೀಗೇ. ಐದಾರು ತಿರುವಿನಲ್ಲಿ ಕಿವಿಗೆ ಇಂಜಿನ್ನಿನ ಮಾತು ಅರ್ಥವಾಗತೊಡಗುತ್ತದೆ.

ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ. ಅಲ್ಲಿ ಇಳಿದಾಗ ಚಕ್ರದ ಹತ್ತಿರ ಬಗ್ಗಿ ವಾಸನೆ ನೋಡಿ, ಡಿಸ್ಕನ್ನು ಮಾತ್ರ ಕೈಯಿಂದ ಮುಟ್ಟಬೇಡಿ. ಸುಟ್ಟ ವಾಸನೆ ಇಲ್ಲದಿದ್ದರೆ ಯಜಮಾನರು ಚೆನ್ನಾಗಿ ಇಳಿಸಿದ್ದಾರೆ. ಇದ್ದರೆ ಮುಂದಿನ ಭಾನುವಾರ ಇನ್ನೊಮ್ಮೆ ಹೋಗಿ ಬನ್ನಿ.