ಝಾಂಬಿ: ಹೆದರಿಕೆ ಯಾರದು, ಯಾವುದಕ್ಕೆ?

ಮುಂಬೈ ವಿಶ್ವವಿದ್ಯಾಲಯದ ಕಲೀನಾದಲ್ಲಿ ನನ್ನ ಜೊತೆ ಕನ್ನಡ ಎಂ.ಎ. ಓದುತ್ತಿರುವವರಿಗೆ ಈ ಟಿಪ್ಪಣಿ. ಜಾನಪದದ ಪ್ರಶ್ನೆಪತ್ರಿಕೆಯಲ್ಲಿ ಝಾಂಬಿಯ ಮೇಲೆ ನೇರ ಪ್ರಶ್ನೆ ಬರಲಿಕ್ಕಿಲ್ಲ, ಆದರೆ ಬೇತಾಳದ ಜೊತೆ ಹೋಲಿಸಿ ಬರೆಯಲು ಒದಗುತ್ತದೆ.

ಪ್ರೇತಕ್ಕೆ ದೇಹವಿಲ್ಲ. ಬೇತಾಳ ಹೆಣದೊಳಗೆ ಸೇರಿಕೊಂಡರೂ ಬುದ್ಧಿ ಚುರುಕು, ವಿಕ್ರಮನ ಹೆಗಲೇರಿ ಕಥೆ ಹೇಳಿ ಪ್ರಶ್ನೆ ಹಾಕುತ್ತದೆ. ಗೋವಾದ ಆಮೋಣೆಯಲ್ಲಂತೂ ಅದಕ್ಕೆ ಗುಡಿ, ಪೂಜೆ ಎಲ್ಲ ಇದೆ. ಝಾಂಬಿಯದು ತದ್ವಿರುದ್ಧ: ದೇಹ ನಡೆಯುತ್ತದೆ, ಒಳಗೆ ಯಾರೂ ಇಲ್ಲ.

ಝಾಂಬಿಯ ಹುಟ್ಟೂರು ಕೆರಿಬಿಯನ್ ಸಮುದ್ರದ ಹೈಟಿ. ಫ್ರೆಂಚರ ವಸಾಹತಾಗಿದ್ದಾಗ ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಅಲ್ಲಿಯ ಕಬ್ಬಿನ ತೋಟಗಳಲ್ಲಿ ಸಾಯುವ ತನಕ ದುಡಿಸುತ್ತಿದ್ದರು. ಸತ್ತ ಮೇಲಾದರೂ ಆತ್ಮ ಪೂರ್ವಿಕರ ನಾಡಾದ ಗಿನಿಗೆ ಮರಳುತ್ತದೆಂಬ ನಂಬಿಕೆ ಅವರಿಗಿತ್ತು. ಝಾಂಬಿಯಾದವನಿಗೆ ಅದೂ ತಪ್ಪಿತು. ಬೊಕೋರ್ ಎಂಬ ಮಾಂತ್ರಿಕ ಅವನನ್ನು ಗೋರಿಯಿಂದ ಎಬ್ಬಿಸಿ ಮತ್ತೆ ದುಡಿಮೆಗೆ ಹಚ್ಚುತ್ತಾನೆ. ಗುಲಾಮರು ಬಂಡೆದ್ದು 1804ರಲ್ಲಿ ದೇಶ ಸ್ವತಂತ್ರವಾದರೂ ಈ ಭಯ ಹೋಗಲಿಲ್ಲ. ಝಾಂಬಿ ಮೈಮೇಲೆ ಬಿದ್ದೀತೆಂಬ ಭಯವಲ್ಲ ಅದು, ತಾನೇ ಝಾಂಬಿಯಾದೇನೆಂಬ ಭಯ. ಇಲ್ಲಿ ಅಡಿಗೆರೆ ಹಾಕಿಕೊಳ್ಳಿ.

1915ರಿಂದ 1934ರವರೆಗೆ ಹೈಟಿ ಅಮೆರಿಕದ ಸೇನೆಯ ಹಿಡಿತದಲ್ಲಿತ್ತು. ಆಗ ಅಲ್ಲಿಗೆ ಹೋಗಿದ್ದ ಅಮೆರಿಕದ ಲೇಖಕ ವಿಲಿಯಂ ಸೀಬ್ರೂಕ್, ರೈತನೊಬ್ಬನಿಂದ ಕೇಳಿದ ಕಥೆಯನ್ನು 1929ರ ತನ್ನ ಪುಸ್ತಕದಲ್ಲಿ ಬರೆದ. ಸಕ್ಕರೆ ಕಂಪನಿಯ ಗದ್ದೆಗೆ ಮೇಸ್ತ್ರಿಯೊಬ್ಬ ಝಾಂಬಿಗಳ ತಂಡ ಕರೆತರುತ್ತಾನೆ, ಕೂಲಿಯೆಲ್ಲ ಅವನ ಜೇಬಿಗೆ. ಅವರಿಗೆ ಉಪ್ಪಿಲ್ಲದ ಊಟವನ್ನೇ ಹಾಕಬೇಕು. ಹಬ್ಬದ ದಿನ ಮೇಸ್ತ್ರಿಯ ಹೆಂಡತಿಗೆ ಕನಿಕರ ಹುಟ್ಟಿ ಮಿಠಾಯಿ ಕೊಡಿಸುತ್ತಾಳೆ, ನಮ್ಮ ಲೋಣಾವಳಾದ ಶೇಂಗಾ ಚಿಕ್ಕಿಯಂಥದ್ದು. ಶೇಂಗಾಕ್ಕೆ ಉಪ್ಪು ಬಿದ್ದಿರುವುದು ಅವಳಿಗೆ ಗೊತ್ತಿಲ್ಲ. ತಿಂದದ್ದೇ ತಡ, ತಾವು ಸತ್ತವರೆಂದು ಅವರಿಗೆ ಅರಿವಾಗಿ, ಚೀರುತ್ತ ಬೆಟ್ಟದ ದಾರಿ ಹಿಡಿದು ತಮ್ಮ ತಮ್ಮ ಗೋರಿಗಳಿಗೆ ನಡೆದುಬಿಡುತ್ತಾರೆ. ಉಪ್ಪುಂಡವರು ಧಣಿಗೆ ಎರಡು ಬಗೆಯಬಾರದೆಂದು ಕೇಳಿ ಬೆಳೆದ ನಮಗೆ, ಉಪ್ಪೇ ಧಣಿಯ ಕೈಯಿಂದ ಬಿಡಿಸುವ ಈ ಕಥೆ ಮಜವಾಗಿದೆ.

ಝಾಂಬಿ ಮಾಡಲು ಬೊಕೋರರು ಬಳಸುವ ಪುಡಿಯಲ್ಲಿ ಪಫರ್ ಮೀನಿನ ವಿಷವಿದೆಯೆಂದು 1980ರ ದಶಕದಲ್ಲಿ ಸಂಶೋಧಕ ವೇಡ್ ಡೇವಿಸ್ ವಾದಿಸಿದರು, ವಿಜ್ಞಾನಿಗಳು ತಕರಾರು ತೆಗೆದರು. ಒಂದು ಸಾಲು ಸಾಕು.

ಸಿನಿಮಾದ ಭಾಗ ಗಮನವಿಟ್ಟು ಓದಿ. 1932ರ ಮೊದಲ ಹಾಲಿವುಡ್ ಝಾಂಬಿಗಳು ಇನ್ನೂ ಸಕ್ಕರೆ ಗಿರಣಿ ತಿರುಗಿಸುತ್ತಿದ್ದವು, ಅವಕ್ಕೊಬ್ಬ ಯಜಮಾನನಿದ್ದ. 1968ರ ತನ್ನ ಸಿನಿಮಾದಲ್ಲಿ ನಿರ್ದೇಶಕ ಜಾರ್ಜ್ ರೊಮೆರೊ ಆ ಯಜಮಾನನನ್ನೇ ತೆಗೆದುಹಾಕಿದ. ದುಡಿಯುವ ಹೆಣ ನರಮಾಂಸ ತಿನ್ನುವ ಹಿಂಡಾಯಿತು, ಭಯ ಮಗ್ಗುಲು ಬದಲಿಸಿತು. ಪ್ರೇಕ್ಷಕನಿಗೆ ಇದರ ಸೆಳೆತ ಏನೆಂದರೆ, ಝಾಂಬಿಯಾದ ನೆರೆಯವನಿಗೆ ಗುಂಡು ಹೊಡೆದರೂ ಮನಸ್ಸು ಚುಚ್ಚುವುದಿಲ್ಲ. ರೊಮೆರೊಗೆ ಇದರ ಅಪಾಯ ಗೊತ್ತಿತ್ತು ಎಂದೇ ನನ್ನ ಎಣಿಕೆ: ರಾತ್ರಿಯಿಡೀ ಹೋರಾಡಿ ಬದುಕುಳಿದ ಕಪ್ಪು ನಾಯಕ, ಬೆಳಗಾದ ಮೇಲೆ ಕಾಪಾಡಲು ಬಂದ ಬಿಳಿಯರ ಗುಂಡಿಗೇ ಬಲಿಯಾಗುತ್ತಾನೆ.

2022ರಲ್ಲಿ ತೆರೆಕಂಡ ಮರಾಠಿಯ 'ಝೋಂಬಿವಲಿ'ಯನ್ನು ನಮ್ಮ ಡೊಂಬಿವಲಿಯ ಗೆಳೆಯರು ನೋಡಿಯೇ ಇರುತ್ತಾರೆ. ಅದರಲ್ಲಿರುವುದು ರೊಮೆರೊ ತಳಿ, ಕಚ್ಚುವಂಥದ್ದು. ಆದರೆ ಟವರು, ಪಕ್ಕದ ಝೋಪಡಪಟ್ಟಿ, ನಡುವೆ ನೀರಿನ ಜಗಳ ಬಂದಾಗ ಹೈಟಿಯ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ: ಯಾರ ಲಾಭಕ್ಕೆ ಯಾರ ಮೈ? ಇನ್ನು ಕಡೆಯ ಲೋಕಲ್‌ನಲ್ಲಿ ತೂಕಡಿಸುವವರನ್ನು ಝಾಂಬಿ ಎನ್ನುವ ಹಳಸಲು ಜೋಕು. ಅವರು ಯಾರನ್ನೂ ಕಚ್ಚುವುದಿಲ್ಲ, ಬೆಳಗ್ಗೆ ಮತ್ತೆ ಕೆಲಸಕ್ಕೆ ಹೊರಡುತ್ತಾರೆ. ಉತ್ತರದಲ್ಲಿ ಬರೆಯುವುದಾದರೆ ಹೈಟಿಯ ಝಾಂಬಿಯ ಕೆಳಗೆ ಬರೆಯಿರಿ.