ರಾತ್ರಿ ಹತ್ತರ ಹಸಿವು: ವಾರಾನ್ನದಿಂದ ಎಗ್‌ರೈಸ್‌ವರೆಗೆ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಊಟ ಬಿಟ್ಟು ಎಗ್‌ರೈಸ್, ಗೋಬಿ ಮಂಚೂರಿಗಳಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ ಎಂಬ ದೂರನ್ನು ಸಾಮಾನ್ಯವಾಗಿ ನಾಲಿಗೆಯ ಚಪಲಕ್ಕೆ ಜಮಾ ಮಾಡಿ ಮುಗಿಸಲಾಗುತ್ತದೆ. ಊರು ಬಿಟ್ಟು ಓದಲು ಬಂದವರಿಗೆ ಅನ್ನ ಹಾಕುವ ಹೊಣೆ ಯಾರದಾಗಿತ್ತು ಎಂದು ಹಿಂದಿನಿಂದ ನೋಡುತ್ತ ಬಂದರೆ ಲೆಕ್ಕ ಬೇರೆಯಾಗುತ್ತದೆ.

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಆರಂಭವಾದ ಕಾಲಕ್ಕೆ ಎಷ್ಟೋ ಬಡ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದುತ್ತಿದ್ದರು. ಆ ಬಾಗಿಲು ತೆರೆಯದಿದ್ದವರಿಗೆ ಸಮುದಾಯ ಸಂಘಗಳ ಹಾಸ್ಟೆಲ್‌ಗಳು, ಮಠಗಳ ಪ್ರಸಾದ ನಿಲಯಗಳು, ಮುಂದೆ ಸರ್ಕಾರಿ ವಿದ್ಯಾರ್ಥಿನಿಲಯಗಳು ಬಂದವು.

ಧಾರವಾಡದಲ್ಲಿ ಇದರ ಮುಂದಿನ ಘಟ್ಟ ಸ್ಪಷ್ಟವಾಗಿ ಕಾಣುತ್ತದೆ. ಮುರುಘಾಮಠದ ಪ್ರಸಾದ ನಿಲಯದಂಥ ಕಡೆ ಸ್ಥಳ ಸಿಗದವರು ಖಾನಾವಳಿಯಲ್ಲಿ ತಿಂಗಳ ಲೆಕ್ಕ ಬರೆಸಿ ರೊಟ್ಟಿ, ಪಲ್ಲೆ, ಶೇಂಗಾ ಚಟ್ನಿ, ಅನ್ನ, ಸಾರು ಉಣ್ಣುತ್ತಿದ್ದರು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯಗಳ ಜೊತೆಗೆ ಸಪ್ತಾಪುರದ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳೂ ಬೆಳೆದಂತೆ ಬಾಡಿಗೆ ಕೋಣೆಗಳ ಹುಡುಗರು ಹೆಚ್ಚಿದರು. ಇವರು ಗ್ರಂಥಾಲಯದಿಂದ ಏಳುವ ಹೊತ್ತಿಗೆ ಖಾನಾವಳಿಯ ಒಲೆ ಆರಿರುತ್ತದೆ. ಉರಿಯುತ್ತಿರುವುದು ಎಗ್‌ರೈಸ್ ಗಾಡಿಯ ಒಂದೇ ಬರ್ನರ್. ಮೊದಲೇ ಬೇಯಿಸಿ ಆರಿಸಿಟ್ಟ ಅನ್ನ, ಹೆಚ್ಚಿದ ಎಲೆಕೋಸು, ಎರಡು ಮೊಟ್ಟೆ, ಸೋಯಾ ಸಾಸ್, ಕಡಾಯಿಗೆ ಸೌಟು ಬಡಿದ ಸದ್ದು. ಮೂರು ನಿಮಿಷದಲ್ಲಿ ತಟ್ಟೆ ಕೈಯಲ್ಲಿರುತ್ತದೆ. ಮುಂಗಡ ಕೊಡಬೇಕಿಲ್ಲ, ತಿಂಗಳ ಲೆಕ್ಕವಿಲ್ಲ, ಊರಿಗೆ ಹೋದ ದಿನದ ಊಟದ ದುಡ್ಡು ಮುರಿಯುವ ಜಗಳವೂ ಇಲ್ಲ.

ದುಡ್ಡಿನ ಮಾತೂ ಇದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ಯೋಜನೆ ಬಂದಾಗ ಊಟ, ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1500 ರೂಪಾಯಿ, ಅಂದರೆ ದಿನಕ್ಕೆ 50 ರೂಪಾಯಿ ನಿಗದಿಯಾಗಿತ್ತು. ಇದರಲ್ಲಿ ಕೋಣೆಯ ಬಾಡಿಗೆ ಕಳೆದು ಉಳಿದದ್ದರಲ್ಲಿ ಎರಡು ಹೊತ್ತಿನ ಸಮತೋಲಿತ ಆಹಾರ ಕಾಣುವುದು ಕಾಗದದ ಮೇಲೆಯೂ ಕಷ್ಟ.

ಈ ನಡುವೆ ಸಾರ್ವಜನಿಕ ಚರ್ಚೆ ಬೇರೆ ದಾರಿ ಹಿಡಿದಿತ್ತು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಮಳಿಗೆ ತೆರೆದಾಗ ರೈತ ಸಂಘ ಬೀದಿಗಿಳಿಯಿತು, ಮಾತೆಲ್ಲ ವಿದೇಶಿ ಕಂಪನಿಗಳ ಸುತ್ತಲೇ ನಡೆಯಿತು. 1970ರ ದಶಕದ ಮುಂಬೈಯಲ್ಲಿ ಚೀನೀ ಮೂಲದ ಬಾಣಸಿಗರೊಬ್ಬರು ಮಾಡಿದ ಚಿಕನ್ ಮಂಚೂರಿಯನ್ನಿನ ಹೂಕೋಸಿನ ರೂಪವಾದ ಗೋಬಿ ಮಂಚೂರಿ ಈ ಗಲಾಟೆಯ ಆಸುಪಾಸಿನ ವರ್ಷಗಳಲ್ಲೇ ಕೈಗಾಡಿಯೇರಿ ಸದ್ದಿಲ್ಲದೆ ಹಾಸ್ಟೆಲ್ ಗೇಟಿಗೆ ಬಂದು ನಿಂತಿತ್ತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2016ರಲ್ಲಿಯೂ 2018ರಲ್ಲಿಯೂ ಕ್ಯಾಂಪಸ್ಸಿನೊಳಗೆ ಜಂಕ್ ಫುಡ್ ಮಾರಾಟ ನಿಲ್ಲಿಸುವಂತೆ ಸೂಚಿಸಿತು. ಗಾಡಿ ಇರುವುದು ಗೇಟಿನ ಹೊರಗೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಕೆಂಪಗಿದ್ದ ಗೋಬಿ ಈಗ ಹಲವು ಗಾಡಿಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದೆ, ರಾತ್ರಿ ಹತ್ತರ ಸಾಲು ಇದ್ದಷ್ಟೇ ಇದೆ.