ಕರುಳಿನ ನರಕ್ಕೂ ಕ್ಯಾನ್ಸರಿಗೂ ಏನು ಸಂಬಂಧ?

ಕರುಳಲ್ಲಿ ನರ ಇರೋದು ತಿಂದಿದ್ದನ್ನ ಮುಂದಕ್ಕೆ ತಳ್ಳೋಕೆ ಅಂತ ನಮಗೆಲ್ಲ ಗೊತ್ತು. ಹೊರಗಿನ ನರಗಳ ಸಂಪರ್ಕ ಕಡಿದು ಹಾಕಿದ್ರೂ ಕರುಳು ತನ್ನ ಪಾಡಿಗೆ ತಾನು ತಳ್ತಾನೇ ಇರುತ್ತೆ ಅಂತ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನೋ ಇಬ್ಬರು ವಿಜ್ಞಾನಿಗಳು 1899ರಲ್ಲೇ ತೋರಿಸಿದ್ರು. ಆದ್ರೆ ಈ ನರಗಳು ಸ್ಟೆಮ್ ಸೆಲ್ (ಹೊಸ ಸೆಲ್‌ಗಳನ್ನ ಹುಟ್ಟಿಸೋ ಮೂಲ ಸೆಲ್) ವಿಷಯಕ್ಕೂ ತಲೆ ಹಾಕ್ತವೆ ಅನ್ನೋದು ಈಚೆಗೆ ಗೊತ್ತಾಗ್ತಿರೋ ಕಥೆ.

ಕರುಳಿನ ಒಳಪದರ ಮೂರರಿಂದ ಐದು ದಿನದಲ್ಲಿ ಪೂರ್ತಿ ಹೊಸದಾಗುತ್ತೆ. ಆ ಪದರದಲ್ಲಿ ಕ್ರಿಪ್ಟ್ ಅನ್ನೋ ಸಣ್ಣ ಸಣ್ಣ ಗುಂಡಿಗಳಿರ್ತವೆ, ಅದರ ತಳದಲ್ಲಿ ಕೂತಿರೋ ಸ್ಟೆಮ್ ಸೆಲ್‌ಗಳೇ ಇದನ್ನೆಲ್ಲ ಮಾಡೋದು, ಅವನ್ನ 2007ರಲ್ಲಿ ವಿಜ್ಞಾನಿ ಹ್ಯಾನ್ಸ್ ಕ್ಲೆವರ್ಸ್ ಅವರ ಲ್ಯಾಬ್ ಎಲ್‌ಜಿಆರ್5 ಅನ್ನೋ ಗುರುತಿನಿಂದ ಪತ್ತೆ ಹಚ್ಚಿತು. ಎರಡು ವರ್ಷ ಬಿಟ್ಟು ಅದೇ ಲ್ಯಾಬ್ ಇಲಿಗಳ ಈ ಸೆಲ್‌ಗಳಲ್ಲಿ ಗಡ್ಡೆ ಬೆಳೆಯದಂತೆ ತಡೆಯೋ ಎಪಿಸಿ ಜೀನ್ ತೆಗೆದು ಹಾಕಿದಾಗ ಕೆಲವೇ ವಾರದಲ್ಲಿ ಗಡ್ಡೆ ಬಂತು, ಅದೇ ಜೀನನ್ನ ಪಕ್ಕದ ಅಲ್ಪಾಯುಷಿ ಸೆಲ್‌ಗಳಲ್ಲಿ ತೆಗೆದ್ರೆ ದೊಡ್ಡ ಗಡ್ಡೆ ಬೆಳೆದಿದ್ದು ತೀರಾ ಅಪರೂಪ. ಅಂದ್ರೆ ಸ್ಟೆಮ್ ಸೆಲ್ ಯಾರ ಮಾತು ಕೇಳುತ್ತೆ ಅನ್ನೋದು ಸಣ್ಣ ವಿಷಯ ಅಲ್ಲ.

ನರಗಳ ಸಣ್ಣ ಎಳೆಗಳು ಈ ಗುಂಡಿಗಳ ಪಕ್ಕಕ್ಕೇ ಬಂದು ಅಸಿಟೈಲ್‌ಕೋಲಿನ್ ಥರದ, ಸೆಲ್‌ಗಳಿಗೆ ಸುದ್ದಿ ಮುಟ್ಟಿಸೋ ಕೆಮಿಕಲ್ ಬಿಡ್ತವೆ. 2014ರಲ್ಲಿ ಇಲಿಗಳ ಹೊಟ್ಟೆಯ (ಕರುಳಲ್ಲ, ಜಠರ) ವೇಗಸ್ ಅನ್ನೋ, ಮೆದುಳಿಂದ ಬರೋ ನರ ಕಡಿದಾಗ, ಇಲ್ಲಾ ಬೊಟಾಕ್ಸ್ ಚುಚ್ಚಿ ನರದ ಬಾಯಿ ಮುಚ್ಚಿಸಿದಾಗ ಕ್ಯಾನ್ಸರ್ ಕಮ್ಮಿಯಾಯ್ತು. ಮುಖ ಸುಕ್ಕಾಗದಿರೋಕೆ ಹಾಕಿಸ್ಕೊಳ್ಳೋ ಅದೇ ಬೊಟಾಕ್ಸ್! 2017ರಲ್ಲಿ ಇನ್ನೊಂದು ವಿಷಯ ಹೊರಬಿತ್ತು: ಅಸಿಟೈಲ್‌ಕೋಲಿನ್ ಸಿಕ್ಕ ಜಠರದ ಸೆಲ್‌ಗಳು ನರ ಬೆಳೆಸೋ ಎನ್‌ಜಿಎಫ್ ಅನ್ನೋ ಪ್ರೋಟೀನ್ ಬಿಡ್ತವೆ, ಅದರಿಂದ ನರ ಇನ್ನೂ ಹೆಚ್ಚಾಗುತ್ತೆ, ಅದು ಇನ್ನೂ ಅಸಿಟೈಲ್‌ಕೋಲಿನ್ ತರುತ್ತೆ, ಹೀಗೇ ಸುತ್ತು. ದೊಡ್ಡ ಕರುಳಿನಲ್ಲಿ ಸಿರೊಟೋನಿನ್ ಅನ್ನೋ ಇನ್ನೊಂದು ಕೆಮಿಕಲ್ ಬಿಡೋ ನರಗಳೂ ಕ್ಯಾನ್ಸರ್ ಸ್ಟೆಮ್ ಸೆಲ್‌ಗಳಿಗೆ ಬಲ ಕೊಡ್ತವೆ ಅಂತ 2022ರಲ್ಲಿ ಇಲಿಗಳ ಮೇಲಿನ ಕೆಲಸದಿಂದ ಗೊತ್ತಾಯ್ತು.

ಮನುಷ್ಯರಲ್ಲಿ? ಆಪರೇಷನ್ ಆದ್ಮೇಲೆ ಬರೋ ಪೆಥಾಲಜಿ ರಿಪೋರ್ಟಲ್ಲಿ ಪೆರಿನ್ಯೂರಲ್ ಇನ್ವೇಷನ್ ಅಂತ ಒಂದು ಸಾಲು ಇರುತ್ತೆ ನೋಡಿ, ಕ್ಯಾನ್ಸರ್ ಸೆಲ್‌ಗಳು ನರದ ಪೊರೆಯೊಳಗೆ ನುಗ್ಗಿದ್ರೆ ಅಥವಾ ನರದ ಸುತ್ತಳತೆಯ ಮೂರನೇ ಒಂದು ಭಾಗನಾದ್ರೂ ಸುತ್ತಿಕೊಂಡಿದ್ರೆ ಹಾಗೆ ಬರೀತಾರೆ, ಅದಿದ್ರೆ ಕಾಯಿಲೆ ವಾಪಸ್ ಬರೋ ಚಾನ್ಸ್ ಜಾಸ್ತಿ.

ಹಾಗಂತ ನರ ಕಡಿದುಬಿಟ್ರೆ ಮುಗೀತಾ ಅಂದ್ರೆ ಇಲ್ಲ, ನನಗೇನೋ ಆ ಉತ್ಸಾಹ ಸ್ವಲ್ಪ ಅತಿ ಅನ್ಸುತ್ತೆ. ಇಲಿಯ ಸಣ್ಣ ಕರುಳಿನ ಕೆಲವು ಪ್ರಯೋಗದಲ್ಲಿ ಇದೇ ಅಸಿಟೈಲ್‌ಕೋಲಿನ್ ಸ್ಟೆಮ್ ಸೆಲ್‌ಗಳನ್ನ ತಡೆದಿದ್ದೂ ಇದೆ. ಔಷಧಿಯಿಂದ ಅದನ್ನ ಬ್ಲಾಕ್ ಮಾಡೋಣ ಅಂದ್ರೆ, ಅದರ ಸುದ್ದಿ ಹಿಡಿಯೋ ರಿಸೆಪ್ಟರ್ ಜೊಲ್ಲು ಗ್ರಂಥಿಯಲ್ಲೂ ಇದೆ, ಕರುಳಿನ ಸ್ನಾಯುವಲ್ಲೂ ಇದೆ, ಹಾಗಾಗಿ ಬಾಯಿ ಒಣಗುತ್ತೆ, ಮಲಬದ್ಧತೆ ಶುರುವಾಗುತ್ತೆ.